ನದಿ, ಒಪ್ಪಂದ, ಅಸಮಾನತೆ: ಅಂತರರಾಷ್ಟ್ರೀಯ ಕಾನೂನಿನ ಕಣ್ಣಿನಲ್ಲಿ ಕಾವೇರಿ

ಅಂತರರಾಷ್ಟ್ರೀಯ ಕಾನೂನು ಎಂದೊಡನೆ ನಮ್ಮ ಮನಸ್ಸು ಹೇಗ್ ನಗರದ ನ್ಯಾಯಾಲಯಕ್ಕೋ ನ್ಯೂಯಾರ್ಕಿನ ಭದ್ರತಾ ಮಂಡಳಿಗೋ ಹೋಗುತ್ತದೆ. ಆ ಶಾಸ್ತ್ರದ ಒಂದು ಶಾಖೆಯನ್ನು, ಅಂದರೆ ಹಲವು ರಾಜ್ಯಗಳ ಮೂಲಕ ಹರಿಯುವ ನದಿಗಳ ಕಾನೂನನ್ನು, ಇಂದು ಮೈಸೂರಿನಲ್ಲಿ ನಿಂತು ನೋಡೋಣ ಎಂಬುದು ನನ್ನ ಉದ್ದೇಶ. ಈ ಕಾನೂನಿನ ಮುಖ್ಯ ತತ್ತ್ವಗಳು ಸ್ವತಂತ್ರ ರಾಷ್ಟ್ರಗಳ ವ್ಯಾಜ್ಯಗಳಲ್ಲಿ ಎಷ್ಟು ಬೆಳೆದವೋ, ಒಂದೇ ಒಕ್ಕೂಟದೊಳಗಿನ ರಾಜ್ಯಗಳ ವ್ಯಾಜ್ಯಗಳಲ್ಲೂ ಅಷ್ಟೇ ಬೆಳೆದವು. ಹಾಗಾಗಿ ಕಾವೇರಿಯ ವ್ಯಾಜ್ಯವನ್ನು ಬರೀ ಎರಡು ರಾಜ್ಯಗಳ ರಾಜಕೀಯವಾಗಿ ಓದಿದರೆ ಅದರ ಅರ್ಧಭಾಗ ನಮ್ಮ ಕೈಗೆ ಸಿಗುವುದಿಲ್ಲ.

ಮೊದಲು 1895ಕ್ಕೆ ಹೋಗೋಣ. ರಿಯೋ ಗ್ರಾಂಡೆ ನದಿಯ ನೀರನ್ನು ಅಮೆರಿಕದ ರೈತರು ಮೇಲುಭಾಗದಲ್ಲಿಯೇ ತಿರುಗಿಸಿಕೊಳ್ಳುತ್ತಿದ್ದುದರಿಂದ ಕೆಳಗಿನ ಮೆಕ್ಸಿಕೋದ ಹೊಲಗಳು ಒಣಗುತ್ತಿದ್ದವು. ಮೆಕ್ಸಿಕೋ ದೂರು ಕೊಟ್ಟಿತು. ಅಮೆರಿಕದ ಅಟಾರ್ನಿ ಜನರಲ್ ಆಗಿದ್ದ ಜಡ್ಸನ್ ಹಾರ್ಮನ್ ಕೊಟ್ಟ ಅಭಿಪ್ರಾಯ ಸರಳವಾಗಿತ್ತು: ತನ್ನ ನೆಲದ ಮೇಲೆ ಹರಿಯುವಷ್ಟು ಹೊತ್ತು ನೀರಿನ ಮೇಲೆ ಆ ರಾಷ್ಟ್ರಕ್ಕೆ ಪೂರ್ಣ ಸಾರ್ವಭೌಮತ್ವವಿದೆ, ಕೆಳಗಿನವರಿಗೆ ನಷ್ಟವಾದರೂ ಅಂತರರಾಷ್ಟ್ರೀಯ ಕಾನೂನು ಅದನ್ನು ತಡೆಯುವುದಿಲ್ಲ. ಇದಕ್ಕೆ ಹಾರ್ಮನ್ ಸಿದ್ಧಾಂತವೆಂದೇ ಹೆಸರಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಅಮೆರಿಕವೇ ಅದರಂತೆ ನಡೆದುಕೊಳ್ಳಲಿಲ್ಲ. 1906ರ ಒಪ್ಪಂದದಲ್ಲಿ ಮೆಕ್ಸಿಕೋಗೆ ವರ್ಷಕ್ಕೆ 60,000 ಎಕರೆ-ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 2.6 ಟಿಎಂಸಿ ಅಡಿ (ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ) ನೀರು ಬಿಡಲು ಅದು ಒಪ್ಪಿತು. ಇದನ್ನು ಕಾನೂನಿನ ಬಾಧ್ಯತೆಯೆಂದು ಒಪ್ಪುವುದಿಲ್ಲ ಎಂಬ ಮಾತನ್ನೂ ಅದರೊಳಗೆ ಬರೆಯಿಸಿತು. ಬಾಯಲ್ಲಿ ಸಾರ್ವಭೌಮತ್ವ, ನಡೆಯಲ್ಲಿ ಹಂಚಿಕೆ. ನದಿಗಳ ಕಾನೂನಿನ ಇತಿಹಾಸದಲ್ಲಿ ಈ ಜೋಡಿ ಮತ್ತೆ ಮತ್ತೆ ಎದುರಾಗುತ್ತದೆ.

ಅದೇ ದೇಶದೊಳಗೆ ಇದೇ ಕಾಲದಲ್ಲಿ ಇನ್ನೊಂದು ವಿಚಾರ ಬೆಳೆಯುತ್ತಿತ್ತು. ಆರ್ಕಾನ್ಸಾಸ್ ನದಿಯ ನೀರಿಗಾಗಿ ಕಾನ್ಸಾಸ್ ರಾಜ್ಯವು ಕೊಲೊರಾಡೋದ ಮೇಲೆ ದಾವೆ ಹೂಡಿದಾಗ ಅಮೆರಿಕದ ಸುಪ್ರೀಂ ಕೋರ್ಟು, ತಾನು ಒಂದು ಬಗೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿಯಂತೆಯೂ ಕುಳಿತಿದ್ದೇನೆ ಎಂದು 1902ರಲ್ಲಿ ಹೇಳಿತು. 1907ರ ತೀರ್ಪಿನಲ್ಲಿ ಎರಡೂ ರಾಜ್ಯಗಳು ಸಮಾನ ಹಕ್ಕುಳ್ಳವು, ಆದ್ದರಿಂದ ನದಿಯ ಪ್ರಯೋಜನ ನ್ಯಾಯೋಚಿತವಾಗಿ ಹಂಚಿಕೆಯಾಗಬೇಕು ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಹೊರದೇಶದ ಎದುರು ಹಾರ್ಮನ್, ಒಳರಾಜ್ಯಗಳ ನಡುವೆ ನ್ಯಾಯೋಚಿತ ಹಂಚಿಕೆ: ಒಂದೇ ದೇಶದ ಕಾನೂನು ಎರಡು ನಾಲಿಗೆಯಲ್ಲಿ ಮಾತನಾಡಿತು.

ಜರ್ಮನಿಯ ಒಂದು ಪ್ರಕರಣವನ್ನು ಇಲ್ಲಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಡ್ಯಾನ್ಯೂಬ್ ನದಿಯು ಅಂದಿನ ಬಾಡೆನ್ ರಾಜ್ಯದ ಇಮ್ಮೆಂಡಿಂಗೆನ್ ಎಂಬಲ್ಲಿ ಸುಣ್ಣಕಲ್ಲಿನ ಬಿರುಕುಗಳೊಳಗೆ ಇಳಿದುಹೋಗುತ್ತದೆ. ವರ್ಷದಲ್ಲಿ ಹಲವು ದಿನ ಅದರ ಪಾತ್ರವೇ ಅಲ್ಲಿ ಒಣಗಿರುತ್ತದೆ. ಹೀಗೆ ನೆಲದೊಳಗೆ ಮಾಯವಾದ ನೀರು ಕೆಲವು ಮೈಲಿಗಳಾಚೆ ಆಖ್ ಎಂಬ ಚಿಲುಮೆಯಾಗಿ ಚಿಮ್ಮಿ, ಕಾನ್‌ಸ್ಟನ್ಸ್ ಸರೋವರ ಸೇರಿ, ಕೊನೆಗೆ ರೈನ್ ನದಿಯ ನೀರಾಗುತ್ತದೆ. ಕಪ್ಪು ಸಮುದ್ರಕ್ಕೆ ಹೊರಟ ನೀರು ಉತ್ತರ ಸಮುದ್ರವನ್ನು ಮುಟ್ಟುತ್ತದೆ. ಕೆಳಗಿದ್ದ ವುರ್ಟೆಂಬರ್ಗ್ ರಾಜ್ಯ, ಬಾಡೆನ್ ಈ ಸೋರಿಕೆಯನ್ನು ಹೆಚ್ಚಿಸುತ್ತಿದೆ ಎಂದು ದೂರಿತು. 1927ರಲ್ಲಿ ತೀರ್ಪು ಕೊಟ್ಟ ಜರ್ಮನಿಯ ರಾಜ್ಯಾಂಗ ನ್ಯಾಯಾಲಯ ಈ ಎರಡು ಒಳರಾಜ್ಯಗಳ ನಡುವೆ ಅನ್ವಯಿಸಿದ್ದು ಅಂತರರಾಷ್ಟ್ರೀಯ ಕಾನೂನನ್ನೇ. ಪ್ರಕೃತಿ ತಾನಾಗಿ ಮಾಡಿದ್ದನ್ನು ಇಬ್ಬರೂ ಸಹಿಸಬೇಕು. ಮನುಷ್ಯನ ಕೈಯಿಂದ ಅದನ್ನು ಹೆಚ್ಚಿಸುವ ಹಕ್ಕಾಗಲಿ ತಗ್ಗಿಸುವ ಹಕ್ಕಾಗಲಿ ನೆರೆಯವನಿಗೆ ಗಣನೀಯ ಹಾನಿಯಾಗುವಷ್ಟರ ಮಟ್ಟಿಗೆ ಯಾರಿಗೂ ಇಲ್ಲ ಎಂಬುದು ಆ ತೀರ್ಪಿನ ತಿರುಳು. ಆದೇಶ ಕೊಡುವ ಒಬ್ಬ ಸಾರ್ವಭೌಮನಿಲ್ಲದೆ ಕಾನೂನು ಇರಲಾರದು ಎಂಬ ಜಾನ್ ಆಸ್ಟಿನ್‌ನ ವಾದವನ್ನು ನಿಮ್ಮಲ್ಲಿ ಕಾನೂನು ಓದುವವರು ಮೊದಲ ವರ್ಷದಲ್ಲಿಯೇ ಓದಿರುತ್ತೀರಿ. ಆ ವಾದವನ್ನು ಪರೀಕ್ಷಿಸಲು ಇಂತಹ ಪ್ರಕರಣಗಳಿಗಿಂತ ಒಳ್ಳೆಯ ನೆಲೆ ಸಿಗುವುದು ಕಷ್ಟ.

ಈ ಎಳೆ ಭಾರತಕ್ಕೆ ಬಂದದ್ದು ಒಬ್ಬ ಕನ್ನಡನಾಡಿನ ವ್ಯಕ್ತಿಯ ಮೂಲಕ. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಅವರನ್ನು ನಾವು ಸಂವಿಧಾನ ರಚನಾ ಸಭೆಯ ಸಲಹೆಗಾರರೆಂದು ಬಲ್ಲೆವು. ಅದಕ್ಕೂ ಮೊದಲು, 1941ರಲ್ಲಿ, ಸಿಂಧೂ ನದಿಯ ನೀರಿನ ಬಗ್ಗೆ ಪಂಜಾಬಿನ ಮೇಲೆ ಸಿಂಧ್ ಪ್ರಾಂತ್ಯ ಕೊಟ್ಟ ದೂರಿನ ವಿಚಾರಣೆಗೆ ನೇಮಕವಾದ ಆಯೋಗಕ್ಕೆ ಅವರು ಅಧ್ಯಕ್ಷರಾಗಿದ್ದರು. 1942ರ ವರದಿಯಲ್ಲಿ ಆ ಆಯೋಗವು ಮೇಲಿನವನ ಸಾರ್ವಭೌಮತ್ವವನ್ನೂ ಒಪ್ಪಲಿಲ್ಲ, ನದಿ ತನ್ನ ಸಹಜ ಹರಿವಿನಲ್ಲಿಯೇ ತನಗೆ ಬಂದು ತಲುಪಬೇಕೆಂಬ ಕೆಳದಂಡೆಯವನ ಹಕ್ಕನ್ನೂ ಒಪ್ಪಲಿಲ್ಲ; ಎಲ್ಲರಿಗೂ ಸೇರಿದ ನದಿಯ ನೀರಿನಲ್ಲಿ ಪ್ರತಿಯೊಂದು ಘಟಕಕ್ಕೂ ನ್ಯಾಯವಾದ ಪಾಲು ಉಂಟು ಎಂಬ ತತ್ತ್ವವನ್ನು ಮುಂದಿಟ್ಟಿತು. ಆ ವರದಿಗೆ ಎರಡೂ ಪ್ರಾಂತ್ಯಗಳು ಒಪ್ಪಲಿಲ್ಲ, ಅಷ್ಟರಲ್ಲಿ ದೇಶವೇ ವಿಭಜನೆಯಾಯಿತು. 1960ರ ಸಿಂಧೂ ಜಲ ಒಪ್ಪಂದ ನೀರನ್ನು ಹಂಚುವ ಬದಲು ನದಿಗಳನ್ನೇ ಹಂಚಿತು: ಪೂರ್ವದ ಮೂರು ಭಾರತಕ್ಕೆ, ಪಶ್ಚಿಮದ ಮೂರು ಬಹುಮಟ್ಟಿಗೆ ಪಾಕಿಸ್ತಾನಕ್ಕೆ. ಆದರೆ ರಾವ್ ಆಯೋಗದ ತತ್ತ್ವ ಉಳಿಯಿತು, ಭಾರತದ ಜಲವಿವಾದಗಳ ನ್ಯಾಯಾಧಿಕರಣಗಳು ಅದರ ಮೇಲೆಯೇ ನಡೆದವು. ರಾವ್ ಅವರು 1952ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು, ಮರುವರ್ಷವೇ ತೀರಿಕೊಂಡರು. ಅವರ ಹೆಸರು ನಮ್ಮಲ್ಲಿ ಸಂವಿಧಾನ ದಿನದ ಭಾಷಣಗಳಲ್ಲಿ ಒಮ್ಮೆ ಬಂದು ಹೋಗುತ್ತದೆ. ನದಿ ಕಾನೂನಿನ ಚರ್ಚೆಯಲ್ಲಿ ಬರುವುದೇ ಇಲ್ಲ. ಇದು ನನಗೆ ನೋವಿನ ಸಂಗತಿ.

ಈಗ ವಿದ್ವಾಂಸರ ಪಾತ್ರದ ಬಗ್ಗೆ. 1966ರಲ್ಲಿ ಹೆಲ್ಸಿಂಕಿಯಲ್ಲಿ ಇಂಟರ್‌ನ್ಯಾಷನಲ್ ಲಾ ಅಸೋಸಿಯೇಷನ್ ಅಂತರರಾಷ್ಟ್ರೀಯ ನದಿಗಳ ಬಳಕೆಗೆ ಒಂದು ನಿಯಮಾವಳಿಯನ್ನು ಅಂಗೀಕರಿಸಿತು. ಈ ಸಂಸ್ಥೆ ಸರ್ಕಾರಗಳ ಒಕ್ಕೂಟವಲ್ಲ, ಕಾನೂನು ವಿದ್ವಾಂಸರ ಮತ್ತು ವಕೀಲರ ಕೂಟ. ಯಾವ ರಾಷ್ಟ್ರವೂ ಅದಕ್ಕೆ ಸಹಿ ಹಾಕಿಲ್ಲ, ಯಾವ ಸಂಸತ್ತೂ ಅದನ್ನು ಅನುಮೋದಿಸಿಲ್ಲ. ಆದರೂ ದಶಕಗಳ ನಂತರ ಕಾವೇರಿ ನ್ಯಾಯಾಧಿಕರಣವೂ ನಮ್ಮ ಸುಪ್ರೀಂ ಕೋರ್ಟೂ ಅದನ್ನು ಆಧಾರವಾಗಿ ತೆಗೆದುಕೊಂಡವು. ಅಂತರರಾಷ್ಟ್ರೀಯ ನ್ಯಾಯಾಲಯದ ಶಾಸನದ 38ನೆಯ ವಿಧಿಯು ವಿದ್ವಾಂಸರ ಬರಹಗಳನ್ನು ಕಾನೂನನ್ನು ಗುರುತಿಸುವ ಸಹಾಯಕ ಸಾಧನವೆಂದು ಮಾತ್ರ ಹೇಳುತ್ತದೆ. ಹೆಲ್ಸಿಂಕಿ ನಿಯಮಗಳ ಮಟ್ಟಿಗೆ ಆ ಸಹಾಯಕನೇ ಬಹುಪಾಲು ಕೆಲಸ ಮಾಡಿದ್ದಾನೆ.

ಆ ನಿಯಮಗಳ ಐದನೆಯ ವಿಧಿ, ನ್ಯಾಯೋಚಿತ ಪಾಲನ್ನು ನಿರ್ಧರಿಸುವಾಗ ನೋಡಬೇಕಾದ ಅಂಶಗಳನ್ನು ಹೇಳುತ್ತದೆ: ಜಲಾನಯನದ ವಿಸ್ತಾರ, ಪ್ರತಿಯೊಬ್ಬರ ನೆಲದಿಂದ ನದಿಗೆ ಸೇರುವ ನೀರು, ಹವಾಮಾನ, ಹಿಂದಿನ ಮತ್ತು ಈಗಿನ ಬಳಕೆ, ಅವಲಂಬಿತ ಜನಸಂಖ್ಯೆ, ಬದಲಿ ಮಾರ್ಗಗಳ ವೆಚ್ಚ ಇತ್ಯಾದಿ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಅದು ಹೇಳುವುದಿಲ್ಲ. ನಿಯಮಾವಳಿಯು ಎರಡು ಮಾತುಗಳನ್ನು ಮಾತ್ರ ಖಚಿತವಾಗಿ ಹೇಳುತ್ತದೆ, ಎರಡೂ ಮೇಲ್ದಂಡೆಯಲ್ಲಿ ತಡವಾಗಿ ನೀರಾವರಿ ಆರಂಭಿಸಿದ ನಮ್ಮಂಥವರಿಗೆ ಕಠಿಣವಾದವು. ಈಗ ನಡೆಯುತ್ತಿರುವ ನ್ಯಾಯವಾದ ಬಳಕೆಯನ್ನು ಇನ್ನೊಂದು ರಾಜ್ಯದ ಮುಂದಿನ ಬಳಕೆಗಾಗಿ ಕಾದಿಡುವ ಉದ್ದೇಶದಿಂದ ನಿಲ್ಲಿಸುವಂತಿಲ್ಲ ಎಂಬುದು ಏಳನೆಯ ವಿಧಿ. ಈಗಿನ ಬಳಕೆಯನ್ನು ಮೀರಿಸುವಷ್ಟು ಬಲವಾದ ಬೇರೆ ಕಾರಣಗಳು ಸಿದ್ಧವಾಗುವವರೆಗೆ ಅದು ಮುಂದುವರಿಯಬಹುದು ಎಂಬುದು ಎಂಟನೆಯದು. ಮೊದಲು ನೀರು ಬಳಸಿದವನು ಹಕ್ಕಿನ ಒಡೆಯನಾಗುವುದಿಲ್ಲ, ಆದರೆ ಅವನನ್ನು ಕದಲಿಸಲು ಎರಡನೆಯವನು ಕಾರಣಗಳನ್ನು ತರಬೇಕು.

ಇದನ್ನು ನೆನಪಿನಲ್ಲಿಟ್ಟುಕೊಂಡು ಕಾವೇರಿಗೆ ಬನ್ನಿ. 1892ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನವು ಪಟ್ಟಿ ಮಾಡಿದ ನದಿಗಳ ಮೇಲೆ ಹೊಸ ನೀರಾವರಿ ಕಾಮಗಾರಿ ಕೈಗೊಳ್ಳುವ ಮೊದಲು ಮದ್ರಾಸ್ ಸರ್ಕಾರದ ಒಪ್ಪಿಗೆ ಪಡೆಯಬೇಕಿತ್ತು. ಅದಾಗಲೇ ಸ್ಥಾಪಿತವಾಗಿ ಅಸ್ತಿತ್ವದಲ್ಲಿರುವ ಹಕ್ಕಿನ ರಕ್ಷಣೆಗೆ ಹೊರತು ಮದ್ರಾಸು ಒಪ್ಪಿಗೆ ನಿರಾಕರಿಸುವಂತಿರಲಿಲ್ಲ. ಇದನ್ನು 1957ರ ಲಾನೂ ಸರೋವರದ ತೀರ್ಪಿನೊಂದಿಗೆ ಇಟ್ಟು ನೋಡಿ. ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಆ ಪ್ರಕರಣದಲ್ಲಿ ಪಂಚ ನ್ಯಾಯಮಂಡಳಿಯು, ಮೇಲಿನ ರಾಷ್ಟ್ರ ಪ್ರಾಮಾಣಿಕವಾಗಿ ಮಾತುಕತೆ ನಡೆಸಬೇಕು, ಕೆಳಗಿನವರ ಹಿತವನ್ನು ಗಣನೆಗೆ ತೆಗೆದುಕೊಳ್ಳಬೇಕು, ಆದರೆ ಕೆಳಗಿನವರ ಪೂರ್ವಾನುಮತಿ ಬೇಕೆಂಬ ಸಾಮಾನ್ಯ ನಿಯಮ ಅಂತರರಾಷ್ಟ್ರೀಯ ಕಾನೂನಿನಲ್ಲಿ ಇಲ್ಲ ಎಂದಿತು. ಅಂದರೆ 1892ರಲ್ಲಿ ಮೈಸೂರು ಒಪ್ಪಿಕೊಂಡದ್ದು, ಸಮಾನರ ನಡುವಿನ ಸಾಮಾನ್ಯ ಕಾನೂನು ಕೇಳುವುದಕ್ಕಿಂತ ಹೆಚ್ಚಿನ ಕಟ್ಟುಪಾಡು.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ, ವಿಶ್ವೇಶ್ವರಯ್ಯನವರು ಚೀಫ್ ಎಂಜಿನಿಯರ್ ಆಗಿದ್ದಾಗ ಆರಂಭವಾಯಿತು. ಮದ್ರಾಸಿನ ಆಕ್ಷೇಪದಿಂದ ವಿಷಯ ಪಂಚಾಯ್ತಿಗೆ, ಅಂದರೆ ಮಧ್ಯಸ್ಥಿಕೆಗೆ, ಹೋಯಿತು. ನ್ಯಾಯಮೂರ್ತಿ ಗ್ರಿಫಿನ್ ಅವರು 1914ರಲ್ಲಿ ಕೊಟ್ಟ ತೀರ್ಪು ಮೈಸೂರಿಗೆ ಬಹುಮಟ್ಟಿಗೆ ಅನುಕೂಲವಾಗಿತ್ತು, ಭಾರತ ಸರ್ಕಾರವೂ ಅದನ್ನು ಎತ್ತಿಹಿಡಿಯಿತು. ಮದ್ರಾಸು ಲಂಡನ್ನಿನವರೆಗೆ ಮೇಲ್ಮನವಿ ಒಯ್ದಿತು. ತೀರ್ಪು ಜಾರಿಯಾಗದೆ ನಿಂತಿತು. ಮತ್ತೆ ಮಾತುಕತೆ ನಡೆದು 1924ರ ಫೆಬ್ರವರಿ 18ರಂದು ಹೊಸ ಒಪ್ಪಂದವಾಯಿತು. ಮೈಸೂರಿಗೆ 44.827 ಟಿಎಂಸಿ ಅಡಿಯ ಕೃಷ್ಣರಾಜಸಾಗರ, ಮದ್ರಾಸಿಗೆ 93.5 ಟಿಎಂಸಿ ಅಡಿಯ ಮೆಟ್ಟೂರು. ಎರಡೂ ಕಡೆ ಅಚ್ಚುಕಟ್ಟು ವಿಸ್ತರಣೆಗೆ ಮಿತಿ. ಕೆಲವು ಮಿತಿಗಳನ್ನು 50 ವರ್ಷಗಳ ನಂತರ ಮರುಪರಿಶೀಲಿಸಬೇಕೆಂಬ ಷರತ್ತು.

ಸುಪ್ರೀಂ ಕೋರ್ಟಿನಲ್ಲಿ ಕರ್ನಾಟಕ ಮಂಡಿಸಿದ ವಾದಗಳಲ್ಲಿ ನನ್ನ ದೃಷ್ಟಿಯಲ್ಲಿ ಅತ್ಯಂತ ಆಳವಾದದ್ದು ಇದು: ಬ್ರಿಟಿಷ್ ಅಧಿರಾಜತ್ವದ ನೆರಳಿನಲ್ಲಿ, ಎದುರು ಮಾತನಾಡಲಾಗದ ಸ್ಥಿತಿಯಲ್ಲಿ ಸಂಸ್ಥಾನವೊಂದು ಮಾಡಿಕೊಂಡ ಒಪ್ಪಂದಗಳು ಇಂದು ಯಾರನ್ನೂ ಕಟ್ಟಿಹಾಕಲಾರವು. ಅಂತರರಾಷ್ಟ್ರೀಯ ಕಾನೂನಿನಲ್ಲಿ ಇದಕ್ಕೆ ಅಸಮಾನ ಒಪ್ಪಂದಗಳ ಪ್ರಶ್ನೆ ಎನ್ನುತ್ತಾರೆ. ಅಫೀಮು ಯುದ್ಧದ ನಂತರ ಚೀನಾದ ಮೇಲೆ ಹೇರಿದ ಒಪ್ಪಂದಗಳಿಂದ ಹಿಡಿದು ಸ್ವಾತಂತ್ರ್ಯ ಪಡೆದ ಏಷ್ಯಾ ಆಫ್ರಿಕಾದ ರಾಷ್ಟ್ರಗಳವರೆಗೆ ಈ ಪ್ರಶ್ನೆ ಜೀವಂತವಾಗಿತ್ತು. ಒಪ್ಪಂದಗಳ ಕಾನೂನಿನ ಬಗ್ಗೆ ವಿಯೆನ್ನಾ ಸಮ್ಮೇಳನ 1968 ಮತ್ತು 1969ರಲ್ಲಿ ಸೇರಿದಾಗ ಹೊಸ ರಾಷ್ಟ್ರಗಳು, ಬಲಾತ್ಕಾರ ಎಂದರೆ ಸೈನ್ಯದ ಬಲ ಮಾತ್ರವಲ್ಲ, ರಾಜಕೀಯ ಮತ್ತು ಆರ್ಥಿಕ ಒತ್ತಡವೂ ಬಲಾತ್ಕಾರವೇ ಎಂದು ಒತ್ತಾಯಿಸಿದವು. ಕೊನೆಗೆ ಒಡಂಬಡಿಕೆಯ 52ನೆಯ ವಿಧಿಯಲ್ಲಿ ಉಳಿದದ್ದು ವಿಶ್ವಸಂಸ್ಥೆಯ ಸನ್ನದಿಗೆ ವಿರುದ್ಧವಾದ ಬಲಪ್ರಯೋಗ ಮತ್ತು ಅದರ ಬೆದರಿಕೆ ಮಾತ್ರ. ಆರ್ಥಿಕ ಒತ್ತಡವನ್ನು ಖಂಡಿಸುವ ಮಾತು ಬಂಧನಕಾರಿಯಲ್ಲದ ಒಂದು ಘೋಷಣೆಯಾಗಿ ಸಮ್ಮೇಳನದ ಅಂತಿಮ ದಾಖಲೆಗೆ ಲಗತ್ತಾಯಿತು. ಆರ್. ಪಿ. ಆನಂದ್, ಬಿ. ಎಸ್. ಚಿಮ್ನಿಯವರಂಥ ಭಾರತೀಯ ವಿದ್ವಾಂಸರು ತಮ್ಮ ಜೀವಮಾನದ ಬಹುಭಾಗವನ್ನು ಈ ಅಂತರದ ಅಧ್ಯಯನಕ್ಕೆ ಕೊಟ್ಟರು: ರೂಪದಲ್ಲಿ ಸಮಾನರೆನಿಸಿದ ರಾಷ್ಟ್ರಗಳು ವಸ್ತುತಃ ಅಸಮಾನರಾಗಿದ್ದಾಗ ಅವರು ಕೊಡುವ ಸಮ್ಮತಿಯ ಬೆಲೆ ಏನು?

2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ವಾದವನ್ನು ತಳ್ಳಿಹಾಕಿತು. ಮೈಸೂರು ಚೌಕಾಸಿ ಮಾಡುವ ಸ್ಥಿತಿಯಲ್ಲಿತ್ತು, ಒಪ್ಪಂದದಿಂದ ಲಾಭವನ್ನೂ ಪಡೆಯಿತು, ಸ್ವಾತಂತ್ರ್ಯ ಬಂದ ಮೇಲೂ ರಾಜ್ಯವು ಅದನ್ನು ಪ್ರಶ್ನಿಸಲಿಲ್ಲ ಎಂಬುದು ನ್ಯಾಯಾಲಯದ ನಿಲುವು. ಈ ಕಾರಣಗಳಲ್ಲಿ ಹುರುಳಿದೆ. ಆದರೆ ನ್ಯಾಯಾಲಯ ನೋಡಿದ್ದು ಸಹಿ ಹಾಕಿದ ಮೇಜನ್ನು. ಮೈಸೂರಿಗೆ ಅನುಕೂಲವಾದ ಪಂಚಾಯ್ತಿ ತೀರ್ಪೊಂದು ಕೈಯಲ್ಲಿದ್ದೂ ಹತ್ತು ವರ್ಷ ಅದು ಜಾರಿಯಾಗದೆ ಉಳಿದ ಮೇಲೆ ನಡೆದ ಚೌಕಾಸಿ, ತೀರ್ಪು ಜಾರಿಯಾಗಿದ್ದರೆ ನಡೆಯುತ್ತಿದ್ದ ಚೌಕಾಸಿಯಂತೆ ಇರುತ್ತಿತ್ತೇ? ಮೇಲ್ಮನವಿಯ ಬಾಗಿಲು ಯಾರ ಮನೆಯಲ್ಲಿತ್ತು? ಅಸಮಾನತೆ ಇರುವುದು ಈ ಏರ್ಪಾಡಿನಲ್ಲಿ. ಅದನ್ನು ಒಪ್ಪಂದದ ವಾಕ್ಯಗಳಲ್ಲಿ ಹುಡುಕಿದರೆ ಸಿಗುವುದಿಲ್ಲ.

ಆದರೆ ಇಲ್ಲಿಯೇ ನೀವು ನನ್ನೊಡನೆ ಇನ್ನೊಂದು ಹೆಜ್ಜೆ ಇಡಬೇಕು. ಕರ್ನಾಟಕದ ವಾದ ಗೆದ್ದಿತ್ತೆಂದೇ ಇಟ್ಟುಕೊಳ್ಳಿ. ಎರಡೂ ಒಪ್ಪಂದಗಳು ಶೂನ್ಯವಾದವು. ಆಗ ಉಳಿಯುವುದೇನು? ನ್ಯಾಯೋಚಿತ ಹಂಚಿಕೆಯ ತತ್ತ್ವ. ಅದರಲ್ಲಿ ಈಗಿನ ಬಳಕೆಗೆ ತೂಕವಿದೆ. ಆ ಬಳಕೆಯ ಒಂದು ಭಾಗ, ಮೆಟ್ಟೂರಿನ ಕೆಳಗೆ 1934ರ ನಂತರ ಬೆಳೆದ ನೀರಾವರಿ, ಅದೇ 1924ರ ಒಪ್ಪಂದದ ಫಲ. ಅಂದರೆ ಎದುರು ಬಾಗಿಲಲ್ಲಿ ಹೊರಗೆ ಹಾಕಿದ ಒಪ್ಪಂದ ಹಿತ್ತಿಲ ಬಾಗಿಲಿಂದ ಒಳಗೆ ಬರುತ್ತದೆ. ನ್ಯಾಯಾಲಯ 1924ರ ಒಪ್ಪಂದ 1974ಕ್ಕೆ ಮುಗಿದಿದೆ ಎಂದು ಹೇಳಿದಾಗಲೂ ಆದದ್ದು ಇದೇ: ಒಪ್ಪಂದ ಮುಗಿಯಿತು, ಅದು ನಿರ್ಮಿಸಿದ ಬಳಕೆ ಉಳಿಯಿತು. ಅಸಮಾನ ಒಪ್ಪಂದಗಳನ್ನು ಕುರಿತ ವಿದ್ವತ್ತು ಇಷ್ಟು ದಿನ ಒಪ್ಪಂದದ ಸಿಂಧುತ್ವವನ್ನೇ ಕೇಂದ್ರದಲ್ಲಿಟ್ಟು ಚರ್ಚಿಸಿದೆ. ನದಿಗಳ ವಿಷಯದಲ್ಲಿ ಪ್ರಶ್ನೆ ಇರುವುದು ಬೇರೆ ಕಡೆ. ಅಸಮಾನ ಸ್ಥಿತಿಯಲ್ಲಿ ಹುಟ್ಟಿದ ಬಳಕೆಗೆ, ಸಮಾನ ಸ್ಥಿತಿಯಲ್ಲಿ ಹುಟ್ಟಿದ ಬಳಕೆಯಷ್ಟೇ ತೂಕ ಕೊಡಬೇಕೆ? ಹೆಲ್ಸಿಂಕಿ ನಿಯಮಗಳು ಇದನ್ನು ಕೇಳಿಕೊಳ್ಳುವುದಿಲ್ಲ. ತನ್ನ ಪೂರ್ವ ಆಫ್ರಿಕಾದ ವಸಾಹತುಗಳ ಪರವಾಗಿ ಬ್ರಿಟನ್ ಈಜಿಪ್ಟಿನೊಡನೆ ಮಾಡಿಕೊಂಡ 1929ರ ನೈಲ್ ಒಪ್ಪಂದವನ್ನು ಆ ರಾಷ್ಟ್ರಗಳು ಸ್ವಾತಂತ್ರ್ಯಾನಂತರ ಒಪ್ಪದೇ ಹೋದಾಗಲೂ ಎದ್ದದ್ದು ಇದೇ ಪ್ರಶ್ನೆ.

ಈ ಪ್ರಶ್ನೆಯನ್ನು ನಮ್ಮ ಅನುಕೂಲಕ್ಕೆ ಮಾತ್ರ ಬಳಸುವಂತಿಲ್ಲ ಎಂಬುದನ್ನೂ ಒತ್ತಿ ಹೇಳಬೇಕು. ತಂಜಾವೂರು ಮುಖಜಭೂಮಿಯ ನೀರಾವರಿ ಬ್ರಿಟಿಷರಿಂದ ಹುಟ್ಟಿದ್ದಲ್ಲ. ಚೋಳರ ಕಾಲದ ಕಲ್ಲಣೈ ಅಣೆಕಟ್ಟು ಯಾವ ಅಧಿರಾಜತ್ವದ ಕೂಸೂ ಅಲ್ಲ. ಅಲ್ಲಿನ ಕುರುವೈ, ಸಾಂಬಾ ಭತ್ತದ ಬೆಳೆಗಾರನ ಅವಲಂಬನೆ ಮಂಡ್ಯದ ಕಬ್ಬು ಮತ್ತು ಭತ್ತದ ರೈತನ ಅವಲಂಬನೆಯಷ್ಟೇ ನಿಜ. ಬಳಕೆಯ ಹುಟ್ಟನ್ನು ವಿಂಗಡಿಸಿ ನೋಡಬೇಕೆಂದರೆ ಎರಡೂ ಕಡೆಯ ಇತಿಹಾಸವನ್ನು ಒಂದೇ ಪ್ರಾಮಾಣಿಕತೆಯಿಂದ ವಿಂಗಡಿಸಬೇಕು.

1991ರಲ್ಲಿ ನಾವೇ ಹಾರ್ಮನ್ ಆದೆವು. ಆ ವರ್ಷದ ಜೂನ್ 25ರಂದು ನ್ಯಾಯಾಧಿಕರಣವು 205 ಟಿಎಂಸಿ ಅಡಿ ನೀರು ಬಿಡಲು ಮಧ್ಯಂತರ ಆದೇಶ ಕೊಟ್ಟಾಗ, ಕರ್ನಾಟಕ ಸರ್ಕಾರ ಒಂದು ತಿಂಗಳೊಳಗೆ ಸುಗ್ರೀವಾಜ್ಞೆ ಹೊರಡಿಸಿ ತನ್ನ ರೈತರಿಗೆ ಬೇಕಾದ ನೀರನ್ನು ತಾನೇ ನಿರ್ಧರಿಸಿ ಉಳಿಸಿಕೊಳ್ಳುವ ಅಧಿಕಾರ ಪಡೆದುಕೊಂಡಿತು. ರಾಷ್ಟ್ರಪತಿಗಳು ಅಭಿಪ್ರಾಯ ಕೇಳಿದಾಗ ಸುಪ್ರೀಂ ಕೋರ್ಟು ನವೆಂಬರ್ 22ರಂದು ಅದನ್ನು ಸಂವಿಧಾನಬಾಹಿರವೆಂದಿತು: ಹರಿಯುವ ನೀರಿಗೆ ಯಾವ ರಾಜ್ಯವೂ ಒಡೆಯನಲ್ಲ, ತನ್ನದೇ ವ್ಯಾಜ್ಯದಲ್ಲಿ ಯಾರೂ ನ್ಯಾಯಾಧೀಶರಾಗುವಂತಿಲ್ಲ. ಆ ದಿನಗಳ ಸಂಕಟ ದೊಡ್ಡದು, ಬೆಂಗಳೂರಿನಲ್ಲಿ ಆಮೇಲೆ ನಡೆದ ಹಿಂಸೆಯನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ. ಕಾನೂನಿನ ದೃಷ್ಟಿಯಿಂದ ಆ ತೀರ್ಪು ಸರಿಯಾಗಿತ್ತು. ಅಸಮಾನ ಒಪ್ಪಂದದ ವಾದ ಹೂಡುವವರು ಸಮಾನತೆಯನ್ನು ನಂಬಿರಬೇಕು; ಮೇಲ್ದಂಡೆಯ ಸಾರ್ವಭೌಮತ್ವವನ್ನೂ ಸಮಾನತೆಯನ್ನೂ ಒಟ್ಟಿಗೆ ವಾದಿಸಲಾಗದು.

ಭಾರತವೂ ಅಂತರರಾಷ್ಟ್ರೀಯ ವೇದಿಕೆಯಲ್ಲಿ ಈ ಇಕ್ಕಟ್ಟಿನಲ್ಲಿದೆ. ನದಿಗಳ ಬಗ್ಗೆ ವಿಶ್ವಸಂಸ್ಥೆಯ ಒಡಂಬಡಿಕೆ 1997ರಲ್ಲಿ 103 ಮತಗಳಿಂದ ಅಂಗೀಕಾರವಾದಾಗ ಚೀನಾ, ತುರ್ಕಿ ಮತ್ತು ಬುರುಂಡಿ ವಿರೋಧಿಸಿದವು, ಭಾರತ ಮತದಾನದಿಂದ ದೂರ ಉಳಿಯಿತು. ಬ್ರಹ್ಮಪುತ್ರದಲ್ಲಿ ಚೀನಾಕ್ಕೆ ಕೆಳಗಿನವರು ನಾವು, ಗಂಗೆಯಲ್ಲಿ ಬಾಂಗ್ಲಾದೇಶಕ್ಕೆ ಮೇಲಿನವರು. ಕಾವೇರಿಯಲ್ಲಿ ಕೇರಳದ ಕಬಿನಿ ನೀರಿಗೆ ಕೆಳಗಿರುವ ಕರ್ನಾಟಕದ ಸ್ಥಿತಿಯೂ ಹೀಗೆಯೇ ಇಮ್ಮುಖವಾದದ್ದು.

2018ರ ತೀರ್ಪು ಕರ್ನಾಟಕದ ಪಾಲನ್ನು ನ್ಯಾಯಾಧಿಕರಣ ನಿಗದಿಪಡಿಸಿದ್ದ 270ರಿಂದ 284.75 ಟಿಎಂಸಿ ಅಡಿಗೆ ಏರಿಸಿತು. ಹೆಚ್ಚಿದ 14.75ರಲ್ಲಿ 10 ತಮಿಳುನಾಡಿನ ಅಂತರ್ಜಲವನ್ನು ಗಣನೆಗೆ ತೆಗೆದುಕೊಂಡದ್ದರಿಂದ ಬಂತು, 4.75 ಬೆಂಗಳೂರಿನ ಕುಡಿಯುವ ನೀರಿನ ಹೆಸರಿನಲ್ಲಿ. ನಗರದ ಮೂರನೇ ಒಂದು ಭಾಗ ಮಾತ್ರ ಜಲಾನಯನದೊಳಗಿದೆ ಎಂಬ ಕಾರಣಕ್ಕೆ ನ್ಯಾಯಾಧಿಕರಣ ಕಡಿತಗೊಳಿಸಿದ್ದನ್ನು ನ್ಯಾಯಾಲಯ ಒಪ್ಪಲಿಲ್ಲ. 1966ರ ನಿಯಮಗಳಲ್ಲಿ ಯಾವ ಬಳಕೆಗೂ ಸಹಜ ಆದ್ಯತೆಯಿರಲಿಲ್ಲ. ಅದೇ ಇಂಟರ್‌ನ್ಯಾಷನಲ್ ಲಾ ಅಸೋಸಿಯೇಷನ್‌ನ 2004ರ ಬರ್ಲಿನ್ ನಿಯಮಗಳು ಮನುಷ್ಯನ ಜೀವನಾವಶ್ಯಕ ನೀರಿಗೆ ಮೊದಲ ಸ್ಥಾನ ಕೊಟ್ಟವು. ನಲ್ಲಿಗೆ ಬರುವ ಕಾವೇರಿ ನೀರಿನ ಹಿಂದೆ ಈ ಬೆಳವಣಿಗೆಯೂ ಇದೆ.

ಉತ್ತರ ಸಿಗದೆ ಉಳಿದಿರುವುದು ಮಳೆ ಕೈಕೊಟ್ಟ ವರ್ಷಗಳ ಪ್ರಶ್ನೆ. ಕಾವೇರಿಯಲ್ಲಿ ವರ್ಷಕ್ಕೆ ಒಟ್ಟು 740 ಟಿಎಂಸಿ ಅಡಿ ನೀರೆಂಬ ಲೆಕ್ಕ ಶೇಕಡಾ 50ರ ಭರವಸೆಯದು, ಅಂದರೆ ಎರಡು ವರ್ಷಕ್ಕೊಮ್ಮೆ ಅಷ್ಟು ನೀರು ಬಾರದೆಯೂ ಇರಬಹುದು. 2012, 2016, 2023ರಲ್ಲಿ ನಾವು ಕಂಡದ್ದು ಇದನ್ನೇ. ಸಂಕಷ್ಟ ಸೂತ್ರ, ಅಂದರೆ ನೀರಿನ ಕೊರತೆಯನ್ನು ಹಂಚಿಕೊಳ್ಳುವ ಲೆಕ್ಕ, ಎಂದು ಪತ್ರಿಕೆಗಳು ಬರೆಯುವ ವಿಷಯದಲ್ಲಿ ಬೇರೆ ನದಿಗಳಿಂದ ಕಲಿಯಬೇಕಾದ್ದಿದೆ. ಕೊಲೊರಾಡೋ ನದಿಯ ಬಗ್ಗೆ ಅಮೆರಿಕ ಮತ್ತು ಮೆಕ್ಸಿಕೋ ಮಾಡಿಕೊಂಡ 1944ರ ಒಪ್ಪಂದವು ಮೆಕ್ಸಿಕೋಗೆ ವರ್ಷಕ್ಕೆ 15 ಲಕ್ಷ ಎಕರೆ-ಅಡಿ, ಸುಮಾರು 65 ಟಿಎಂಸಿ ಅಡಿ ನೀರನ್ನು ಖಾತ್ರಿಪಡಿಸುತ್ತದೆ. ಅಸಾಧಾರಣ ಬರ ಬಂದರೆ ಅಮೆರಿಕದೊಳಗಿನ ಬಳಕೆ ಎಷ್ಟು ಪ್ರಮಾಣದಲ್ಲಿ ಇಳಿಯುತ್ತದೆಯೋ ಅಷ್ಟೇ ಪ್ರಮಾಣದಲ್ಲಿ ಮೆಕ್ಸಿಕೋದ ಪಾಲೂ ಇಳಿಯುತ್ತದೆ. ಇದರ ಗುಣವೆಂದರೆ ಕೆಳಗಿನವನ ಪಾಲನ್ನು ಕಡಿಯಬೇಕಾದರೆ ಮೇಲಿನವನು ಮೊದಲು ತನ್ನ ಕಡಿತವನ್ನು ತೋರಿಸಬೇಕು. ಕೊರತೆಯೆಂದರೆ ಅಸಾಧಾರಣ ಬರ ಯಾವುದೆಂದು ಒಪ್ಪಂದ ಹೇಳುವುದಿಲ್ಲ. ಗಂಗೆಯ ಮೇಲಿನ ಫರಕ್ಕಾ ಬ್ಯಾರೇಜಿನ ಬಗ್ಗೆ ಭಾರತ ಮತ್ತು ಬಾಂಗ್ಲಾದೇಶ ಮಾಡಿಕೊಂಡ 1996ರ ಒಪ್ಪಂದವು ಜನವರಿಯಿಂದ ಮೇ ವರೆಗೆ ಹತ್ತು ಹತ್ತು ದಿನಗಳ ಲೆಕ್ಕ ಇಡುತ್ತದೆ, ಹರಿವು 50,000 ಕ್ಯೂಸೆಕ್‌ಗಿಂತ ಇಳಿದರೆ ಎರಡೂ ಸರ್ಕಾರಗಳು ಕೂಡಲೇ ಸಮಾಲೋಚಿಸಬೇಕು ಎನ್ನುತ್ತದೆ. ಸಮಾಲೋಚನೆ ವಿಫಲವಾದರೆ ಏನು ಎಂಬುದಕ್ಕೆ ಅದರಲ್ಲಿ ಪೂರ್ಣ ಉತ್ತರವಿಲ್ಲ. ಬರವನ್ನು ಯಾವ ಅಳತೆಯಿಂದ ಗುರುತಿಸುವುದು, ಕಡಿತವನ್ನು ಯಾರು ಮೊದಲು ಮಾಡುವುದು, ಅದನ್ನು ಯಾರು ಅಳೆಯುವುದು: ಈ ಮೂರಕ್ಕೂ ಉತ್ತರ ಕೊಡುವ ಸೂತ್ರವೇ ಉಪಯೋಗಕ್ಕೆ ಬರುವಂಥದ್ದು.

ಸುಪ್ರೀಂ ಕೋರ್ಟು ತನ್ನ ಹಂಚಿಕೆಗೆ ಕೊಟ್ಟ ಅವಧಿ 15 ವರ್ಷ, ಅಂದರೆ 2033ರವರೆಗೆ. ಆ ಹೊತ್ತಿಗೆ ಬಳಕೆಯ ಹುಟ್ಟಿನ ಪ್ರಶ್ನೆಯನ್ನೂ ಬರದ ವರ್ಷದ ಪ್ರಶ್ನೆಯನ್ನೂ ದಾಖಲೆಗಳೊಡನೆ ಮಂಡಿಸಬಲ್ಲ ಅಧ್ಯಯನಗಳು ನಮ್ಮ ವಿಶ್ವವಿದ್ಯಾಲಯಗಳಿಂದ ಬರಬೇಕಿದೆ. 1892ರ ಕಡತಗಳು, ಗ್ರಿಫಿನ್ ತೀರ್ಪು, ಅದರ ಮೇಲ್ಮನವಿಯ ಪತ್ರವ್ಯವಹಾರ, ರಾವ್ ಆಯೋಗದ ವರದಿ, ಇವುಗಳಿಂದ ಆರಂಭಿಸಬಹುದು. ಈ ಸಭೆಯಲ್ಲಿರುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ ತಮಿಳು ಓದಬಲ್ಲವರಿದ್ದರೆ ಅವರು ತಂಜಾವೂರಿನ ದಾಖಲೆಗಳನ್ನೂ ಇದೇ ಕೆಲಸದಲ್ಲಿ ಸೇರಿಸಿಕೊಳ್ಳಬೇಕೆಂದು ನಾನು ಕೇಳಿಕೊಳ್ಳುತ್ತೇನೆ.